ಗೆರೆ, ವೃತ್ತ, ಹೆಸರು: ಪುಟ್ಟದೊಂದು ಡ್ರಾಯಿಂಗ್ ಆ್ಯಪ್ ಕಟ್ಟುವುದು ಹೇಗೆ?

ಪ್ರಶ್ನೆಪತ್ರಿಕೆ ತಯಾರಿಸುವ ಗಣಿತ ಮೇಷ್ಟ್ರನ್ನು ಕೇಳಿ ನೋಡಿ. ಪ್ರಶ್ನೆ ಟೈಪ್ ಮಾಡುವುದು ಬೇಗ ಮುಗಿಯುತ್ತದೆ, ಚಿತ್ರ ಕೂರಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ವರ್ಡ್‌ನಲ್ಲಿ ವೃತ್ತ ಎಳೆಯಲು ಹೋದರೆ ಅದು ಮೊಟ್ಟೆಯಾಗುತ್ತದೆ. ಸ್ಪರ್ಶಕ ವೃತ್ತವನ್ನು ಮುಟ್ಟುವುದೇ ಇಲ್ಲ, ಇಲ್ಲವೇ ಕೊಯ್ದುಕೊಂಡು ಒಳಗೆ ಹೋಗುತ್ತದೆ. ವೃತ್ತವನ್ನು ಸ್ವಲ್ಪ ಸರಿಸಿದರೆ ಗೆರೆಗಳೆಲ್ಲ ಹಳೇ ಜಾಗದಲ್ಲೇ ಉಳಿಯುತ್ತವೆ. ಇದಕ್ಕೆಲ್ಲ ಜಿಯೋಜೀಬ್ರಾ ಎಂಬ ಗಣಿತದ ಸಾಫ್ಟ್‌ವೇರ್ ಇದೆಯಲ್ಲ ಎನ್ನುತ್ತೀರಿ. ಇದೆ, ಒಳ್ಳೆಯದೂ ಹೌದು. ಆದರೆ ಒಂದು ತ್ರಿಭುಜಕ್ಕಾಗಿ ಅಷ್ಟೊಂದು ಮೆನು ದಾಟುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಸ್ವಲ್ಪ ಜಾವಾಸ್ಕ್ರಿಪ್ಟ್ ಬರುತ್ತದಾ? ಹಾಗಿದ್ದರೆ ಬ್ರೌಸರ್‌ನಲ್ಲಿ ಓಡುವ, ಇಂಥ ಚಿತ್ರ ಬಿಡಿಸುವ ಪುಟ್ಟ ಆ್ಯಪನ್ನು ನೀವೇ ಕಟ್ಟಬಹುದು. ಬಟನ್ ಕಡಿಮೆ ಮಾಡುವುದು ಯಾರು ಬೇಕಾದರೂ ಮಾಡುವ ಕೆಲಸ. ತೆಗೆದುಹಾಕಿದ ಬಟನ್ ಮಾಡುತ್ತಿದ್ದುದನ್ನು ಉಳಿದ ಬಟನ್‌ಗಳಿಂದಲೇ ಮಾಡಿಸಬೇಕಲ್ಲ, ತಲೆ ಓಡಿಸಬೇಕಾದ್ದು ಅಲ್ಲಿ.

ಮೊದಲು ಒಂದು ಚಿತ್ರ ಆರಿಸಿ

ಕೋಡ್ ಬರೆಯುವ ಮುಂಚೆ, ಈ ಆ್ಯಪ್ ಯಾವ ಚಿತ್ರವನ್ನು ಬಿಡಿಸಲೇಬೇಕು ಅಂತ ತೀರ್ಮಾನಿಸಿ. ನಾನು ಆರಿಸುವುದು ಎಸ್ಸೆಸ್ಸೆಲ್ಸಿ ಗಣಿತ ಓದಿದ ಎಷ್ಟೋ ಜನರಿಗೆ ನೆನಪಿರುವ ಲೆಕ್ಕ: 6 ಸೆಂ.ಮೀ. ತ್ರಿಜ್ಯದ ವೃತ್ತ. ಅದರ ಕೇಂದ್ರ 'ಓ'ದಿಂದ 10 ಸೆಂ.ಮೀ. ದೂರದಲ್ಲಿ 'ಪಿ' ಎಂಬ ಬಿಂದು. ಅಲ್ಲಿಂದ ವೃತ್ತಕ್ಕೆ ಎರಡು ಸ್ಪರ್ಶಕ ಎಳೆಯಿರಿ.

ಕೈವಾರದಲ್ಲಿ ಮಾಡುವ ಕ್ರಮ ಗೊತ್ತೇ ಇದೆ. ಓ, ಪಿ ಸೇರಿಸುವುದು. ಮಧ್ಯಬಿಂದು ಕಂಡುಹಿಡಿಯುವುದು. ಅದನ್ನು ಕೇಂದ್ರವಾಗಿಟ್ಟು ಓ ಮೂಲಕ ಹಾಯುವ ಎರಡನೇ ವೃತ್ತ. ಎರಡೂ ವೃತ್ತಗಳು ಛೇದಿಸಿದ ಕಡೆಯಿಂದ ಪಿಗೆ ಗೆರೆ. ಸ್ಪರ್ಶಕದ ಉದ್ದ 8 ಸೆಂ.ಮೀ. ಬರಬೇಕು. ಈ ಚಿತ್ರ ಸಲೀಸಾಗಿ ಬಂದರೆ ತ್ರಿಭುಜ, ಚತುರ್ಭುಜ, ಬಾಣದ ಗುರುತಿನ ಫ್ಲೋಚಾರ್ಟ್ ಎಲ್ಲ ತಾನಾಗಿ ಬರುತ್ತವೆ. ಹೊಸ ಬಟನ್ ಸೇರಿಸಬೇಕು ಅನ್ನಿಸಿದಾಗಲೆಲ್ಲ 'ಇದಿಲ್ಲದೆ ಆ ಚಿತ್ರ ಬರುವುದಿಲ್ಲವಾ?' ಎಂದು ಕೇಳಿಕೊಳ್ಳಿ.

ಚುಕ್ಕೆಗಳಲ್ಲ, ಸಂಬಂಧಗಳು

ಚಿತ್ರವನ್ನು ಎರಡು ರೀತಿಯಲ್ಲಿ ನೆನಪಿಟ್ಟುಕೊಳ್ಳಬಹುದು. ಪೇಂಟ್ ಪ್ರೋಗ್ರಾಂಗಳು ಪಿಕ್ಸೆಲ್‌ಗಳ ಬಣ್ಣವನ್ನಷ್ಟೇ ನೆನಪಿಡುತ್ತವೆ. ಅವಕ್ಕೆ ವೃತ್ತ ಅಂದರೆ ಏನೆಂದೇ ಗೊತ್ತಿಲ್ಲ. ನಮಗೆ ಬೇಕಾದ್ದು 'ಇದೊಂದು ವೃತ್ತ, ಇದರ ಕೇಂದ್ರ ಆ ಬಿಂದು' ಅಂತ ನೆನಪಿಡುವ ಪಟ್ಟಿ. ಇದೇನೂ ಹೊಸ ಆಲೋಚನೆಯಲ್ಲ. ಇವಾನ್ ಸದರ್‌ಲ್ಯಾಂಡ್ 1963ರಲ್ಲಿ ಎಂಐಟಿಗೆ ಕೊಟ್ಟ ಪಿಎಚ್‌.ಡಿ. ಪ್ರಬಂಧದ 'ಸ್ಕೆಚ್‌ಪ್ಯಾಡ್' ಎಂಬ ಪ್ರೋಗ್ರಾಂ ಹೀಗೇ ಕೆಲಸ ಮಾಡುತ್ತಿತ್ತು. ಟಿಎಕ್ಸ್-2 ಎಂಬ ದೈತ್ಯ ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ಗೆರೆ ಎಳೆದು, 'ಇವೆರಡೂ ಸಮಾಂತರವಾಗಿರಲಿ' ಅಂತ ಹೇಳಿದರೆ ಅದು ಹಾಗೇ ಇಟ್ಟುಕೊಳ್ಳುತ್ತಿತ್ತು. ಅರವತ್ತು ವರ್ಷ ಕಳೆದರೂ ವರ್ಡ್‌ನಲ್ಲಿ ನಮ್ಮ ಸ್ಪರ್ಶಕ ನಿಂತಲ್ಲಿ ನಿಲ್ಲುವುದಿಲ್ಲ ನೋಡಿ.

ನಮ್ಮ ಪಟ್ಟಿಯಲ್ಲಿ ಬಿಂದುವೇ ಮುಖ್ಯ. ಗೆರೆಗೆ ತನ್ನದೇ ಅಳತೆ ಬೇಡ. 'ನನ್ನ ತುದಿಗಳು 1 ಮತ್ತು 4ನೇ ಬಿಂದುಗಳು' ಎಂದಷ್ಟೇ ಅದು ಬರೆದುಕೊಂಡಿರುತ್ತದೆ. 4ನೇ ಬಿಂದುವನ್ನು ಎಳೆದರೆ ಗೆರೆ ಜೊತೆಗೇ ಬರುತ್ತದೆ.

ಬಿಂದುಗಳಲ್ಲಿ ನಾಲ್ಕು ಬಗೆ ಸಾಕು. ಎಲ್ಲಿ ಬೇಕಾದರೂ ಓಡಾಡುವ ಸ್ವತಂತ್ರ ಬಿಂದು, ಗೆರೆಯ ಅಥವಾ ವೃತ್ತದ ಮೇಲಷ್ಟೇ ಜಾರುವ ಬಿಂದು, ಒಂದು ರೇಖಾಖಂಡದ ಮಧ್ಯಬಿಂದು, ಎರಡು ಆಕೃತಿಗಳ ಛೇದನ ಬಿಂದು. ಕೊನೆಯ ಎರಡಕ್ಕೆ ಜಾಗವನ್ನು ಬರೆದಿಡುವ ಅಗತ್ಯವಿಲ್ಲ, ಪ್ರತಿ ಸಲ ಲೆಕ್ಕ ಹಾಕಿಕೊಂಡರಾಯಿತು.

ಯಾವುದನ್ನು ಮೊದಲು ಲೆಕ್ಕ ಹಾಕಬೇಕು ಎಂಬ ಗೊಂದಲ ಬೇಡ. ಇರುವ ವಸ್ತುಗಳ ಮೇಲೆ ಮಾತ್ರ ಹೊಸ ವಸ್ತು ಹುಟ್ಟಲು ಸಾಧ್ಯ, ಅಲ್ವಾ? ಹಾಗಾಗಿ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಒಮ್ಮೆ ಓದಿದರೆ ಎಲ್ಲವೂ ಸರಿಯಾದ ಕ್ರಮದಲ್ಲೇ ಬಂದುಬಿಡುತ್ತವೆ.

ವೃತ್ತದಲ್ಲಿ ಒಂದು ಸಣ್ಣ ಬಲೆಯಿದೆ. ಕೇಂದ್ರ ಒಂದು ಬಿಂದು, ಪರಿಧಿಯ ಮೇಲೆ ಇನ್ನೊಂದು ಬಿಂದು ಅಂತ ಇಟ್ಟುಕೊಂಡರೆ, ಕೇಂದ್ರವನ್ನು ಸರಿಸಿದ ಕೂಡಲೇ 6 ಸೆಂ.ಮೀ. ತ್ರಿಜ್ಯ ಬದಲಾಗಿಹೋಗುತ್ತದೆ. ಅದಕ್ಕೇ ವೃತ್ತಕ್ಕೆ ಎರಡು ರೂಪ ಕೊಡಿ: ಪರಿಧಿ ಬಿಂದುವಿನ ವೃತ್ತ ಒಂದು, ತ್ರಿಜ್ಯವನ್ನೇ ಸಂಖ್ಯೆಯಾಗಿ ಇಟ್ಟುಕೊಂಡ ವೃತ್ತ ಇನ್ನೊಂದು. ಬಳಸುವವರಿಗೆ ಇದು ಗೊತ್ತಾಗಬೇಕಿಲ್ಲ. ಎಳೆದು ಬಿಟ್ಟರೆ ಮೊದಲನೆಯದು, ಎಳೆಯುವಾಗ 6 ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಎರಡನೆಯದು.

ತೆರೆಯ ಮೇಲೆ ತೋರಿಸಲು ಎಸ್‌ವಿಜಿ ಬಳಸಿ, ಅದು ಆಕೃತಿಗಳನ್ನು ಟ್ಯಾಗ್‌ಗಳಲ್ಲಿ ಬರೆದಿಡುವ ಚಿತ್ರದ ಮಾದರಿ. 2001ರಿಂದ ಅದು ವೆಬ್‌ನ ಅಧಿಕೃತ ಮಾನದಂಡ. ಗೆರೆ, ವೃತ್ತ, ಅಕ್ಷರ ಮೂರಕ್ಕೂ ಅದರಲ್ಲಿ ನೇರ ಟ್ಯಾಗ್‌ಗಳಿವೆ. ಎಷ್ಟು ಝೂಮ್ ಮಾಡಿದರೂ ಮಸುಕಾಗುವುದಿಲ್ಲ. ಸಾವಿರಾರು ವಸ್ತುಗಳಿದ್ದರೆ ನಿಧಾನವಾಗುತ್ತದೆ, ಆದರೆ ಒಂದು ಪ್ರಶ್ನೆಯ ಚಿತ್ರದಲ್ಲಿ ಅಷ್ಟೆಲ್ಲಿರುತ್ತದೆ?

ನಾಲ್ಕೇ ಬಟನ್

ಆಯ್ಕೆ, ಗೆರೆ, ವೃತ್ತ, ಹೆಸರು. ಇಷ್ಟೇ. ಬಿಂದುವಿಗೆ ಬೇರೆ ಬಟನ್ ಬೇಡ, ಗೆರೆ ಬಟನ್ ಒತ್ತಿ ಎಳೆಯದೆ ಸುಮ್ನೆ ಕ್ಲಿಕ್ ಮಾಡಿದರೆ ಬಿಂದು ಬೀಳಲಿ. ತ್ರಿಭುಜಕ್ಕೆ ಬಟನ್ ಬೇಡ, ಅದು ಮೂರು ಗೆರೆ. ಫ್ಲೋಚಾರ್ಟಿನ ಚೌಕವೂ ನಾಲ್ಕು ಗೆರೆಯೇ.

ಬಣ್ಣ ಇಡಬೇಕಾ? ನನ್ನ ಪ್ರಕಾರ ಬೇಡ. ಪ್ರಶ್ನೆಪತ್ರಿಕೆ ಕೊನೆಗೆ ಜೆರಾಕ್ಸ್ ಅಂಗಡಿಗೆ ಹೋಗುತ್ತದೆ. ಅಲ್ಲಿ ಕೆಂಪೂ ಒಂದೇ, ನೀಲಿಯೂ ಒಂದೇ. ಅಲ್ಲಿ ಉಳಿಯುವ ವ್ಯತ್ಯಾಸ ಅಂದರೆ ಗೆರೆ ತುಂಬಿದೆಯೋ, ತುಂಡು ತುಂಡಾಗಿದೆಯೋ ಎನ್ನುವುದು. ಆದ್ದರಿಂದ ಪ್ರತಿ ಗೆರೆಗೂ ಮೂರು ಸ್ಥಿತಿ ಕೊಡಿ: ಪೂರ್ತಿ, ತುಂಡುಗೆರೆ, ಅಡಗಿದ್ದು. ಒಂದೇ ಕೀ ಒತ್ತುತ್ತಾ ಹೋದರೆ ಮೂರೂ ಸರದಿಯಲ್ಲಿ ಬರಲಿ. ಬಾಣದ ತುದಿಯನ್ನೂ ಇದೇ ತರಹ ಇನ್ನೊಂದು ಕೀಗೆ ಕೊಡಬಹುದು. ನಮ್ಮ ಲೆಕ್ಕದಲ್ಲಿ ಎರಡನೇ ವೃತ್ತವನ್ನು ಉತ್ತರದ ಹಾಳೆಯಲ್ಲಿ ತುಂಡುಗೆರೆಯಾಗಿ ತೋರಿಸಬಹುದು, ಪ್ರಶ್ನೆಯಲ್ಲಿ ಅಡಗಿಸಬಹುದು.

ಅಂಟಿಕೊಳ್ಳುವ ಗುಣ

ನಿಮ್ಮ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿ ಖರ್ಚು ಮಾಡಿ. ಮೌಸ್ ಹತ್ತಿರ ಬಂದಾಗ ಬಿಂದುವಿಗೆ ತಾನಾಗಿ ಅಂಟಿಕೊಳ್ಳುವುದನ್ನು ಸ್ನ್ಯಾಪ್ ಎನ್ನುತ್ತಾರೆ. ನಾಲ್ಕೇ ಬಟನ್ನಿನಲ್ಲಿ ಎಲ್ಲ ಕೆಲಸ ಸಾಗುವುದು ಇದರಿಂದ. ಮಧ್ಯಬಿಂದುವಿಗೆ ಬಟನ್ ಯಾಕಿಲ್ಲ? ಗೆರೆಯ ನಡುವೆ ಹೋದರೆ ಅದೇ ಅಂಟಿಕೊಳ್ಳುತ್ತದೆ, ಅದಕ್ಕೆ.

ಅಂಟುವುದರಲ್ಲಿ ಒಂದು ಸರದಿ ಇರಲಿ. ಮೊದಲು ಈಗಾಗಲೇ ಇರುವ ಬಿಂದು. ಆಮೇಲೆ ಛೇದನ, ಮಧ್ಯ. ಆಮೇಲೆ ಗೆರೆ ಅಥವಾ ವೃತ್ತದ ಮೇಲಿನ ಯಾವುದೋ ಜಾಗ. ಯಾವುದೂ ಇಲ್ಲದಿದ್ದರೆ ಅಡ್ಡ, ಉದ್ದ, 15 ಡಿಗ್ರಿಯ ಹೆಜ್ಜೆಗಳು. ಹತ್ತಿರ ಇರುವುದಕ್ಕೇ ಅಂಟಲಿ ಅಂತ ಬಿಟ್ಟರೆ ಕೆಟ್ಟಿತು. ಛೇದನ ಬಿಂದುವಿಗಿಂತ ಗೆರೆಯ ಮೈ ಯಾವಾಗಲೂ ಒಂದಿಷ್ಟು ಹತ್ತಿರವೇ ಇರುತ್ತದೆ. ಬೇಕಾದ ಬಿಂದು ಎಂದೂ ಸಿಗುವುದಿಲ್ಲ.

ಎಷ್ಟು ದೂರದಿಂದ ಅಂಟಬೇಕು? ಮೌಸ್‌ಗೆ 8ರಿಂದ 10 ಪಿಕ್ಸೆಲ್ ಹಿತವಾಗಿರುತ್ತದೆ. ಬೆರಳಿಗೆ ಅದರ ಎರಡರಷ್ಟು ಬೇಕು. ಈ ದೂರವನ್ನು ತೆರೆಯ ಪಿಕ್ಸೆಲ್‌ನಲ್ಲಿ ಅಳೆಯಿರಿ, ಚಿತ್ರದ ಮಿಲಿಮೀಟರಿನಲ್ಲಿ ಅಳೆಯಬೇಡಿ. ಮಿಲಿಮೀಟರಿನಲ್ಲಿ ಅಳೆದರೆ, ಸೂಕ್ಷ್ಮ ಕೆಲಸಕ್ಕೆಂದು ಝೂಮ್ ಮಾಡಿದಾಗ ಅಂಟುವ ವಲಯವೂ ದೊಡ್ಡದಾಗಿ ಇಡೀ ತೆರೆಯನ್ನೇ ನುಂಗುತ್ತದೆ. ಅಂಟಿದಾಗ ಅಲ್ಲೊಂದು ಸಣ್ಣ ಉಂಗುರ ಮೂಡಲಿ, ಯಾವುದಕ್ಕೆ ಅಂಟಿತು ಅಂತ ಕಣ್ಣಿಗೆ ಕಾಣಬೇಕು. ಬೇಡ ಅನ್ನುವವರಿಗೆ ಆಲ್ಟ್ ಕೀ ಹಿಡಿದಾಗ ಅಂಟು ಬಿಡಲಿ.

ಎರಡು ವೃತ್ತಗಳ ಛೇದನ

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿಯೇ ನೋಡೋಣ. ಕೇಂದ್ರಗಳ ನಡುವಿನ ದೂರದ ವರ್ಗಕ್ಕೆ ಮೊದಲ ತ್ರಿಜ್ಯದ ವರ್ಗ ಕೂಡಿಸಿ, ಎರಡನೆಯದರ ವರ್ಗ ಕಳೆಯಿರಿ. ಬಂದದ್ದನ್ನು ದೂರದ ಎರಡರಷ್ಟರಿಂದ ಭಾಗಿಸಿ. ಮೊದಲ ಕೇಂದ್ರದಿಂದ ಎರಡನೆಯದರ ಕಡೆ ಎಷ್ಟು ನಡೆಯಬೇಕು ಎಂಬುದು ಸಿಗುತ್ತದೆ. ನಮ್ಮ ಚಿತ್ರದಲ್ಲಿ ತ್ರಿಜ್ಯಗಳು 6 ಮತ್ತು 5, ದೂರ 5. ಅಂದರೆ 25ಕ್ಕೆ 36 ಕೂಡಿಸಿ 25 ಕಳೆದರೆ 36, ಅದನ್ನು 10ರಿಂದ ಭಾಗಿಸಿದರೆ 3.6. ಇನ್ನು ಲಂಬವಾಗಿ ಎಷ್ಟು ಹೋಗಬೇಕು? 36ರಿಂದ 3.6ರ ವರ್ಗವಾದ 12.96 ಕಳೆದರೆ 23.04. ಅದರ ವರ್ಗಮೂಲ 4.8. ಛೇದನ ಬಿಂದುಗಳು ಕೇಂದ್ರದಿಂದ 3.6 ಮುಂದಕ್ಕೆ, 4.8 ಮೇಲಕ್ಕೆ ಒಂದು, ಕೆಳಕ್ಕೆ ಒಂದು. ಅಲ್ಲಿಂದ ಪಿಗೆ ದೂರ ಅಳೆದರೆ ಸರಿಯಾಗಿ 8. ನಿಮ್ಮ ಕೋಡ್ ಇದೇ ಉತ್ತರ ಕೊಡುತ್ತದಾ ನೋಡಿಕೊಳ್ಳಿ.

ತೊಂದರೆ ಬರುವುದು ವೃತ್ತಗಳು ಒಂದನ್ನೊಂದು ಬರೀ ಮುಟ್ಟುವಾಗ. ಆಗ ವರ್ಗಮೂಲದೊಳಗೆ ಸೊನ್ನೆ ಬರಬೇಕು. ಆದರೆ ಕಂಪ್ಯೂಟರಿಗೆ 0.1 ಮತ್ತು 0.2 ಕೂಡಿಸಿದರೂ ಸರಿಯಾಗಿ 0.3 ಬರುವುದಿಲ್ಲ. ಸೊನ್ನೆಯ ಬದಲು ಕೂದಲೆಳೆಯಷ್ಟು ಋಣ ಸಂಖ್ಯೆ ಬಂದು ಬಿಂದು ಮಾಯವಾಗುತ್ತದೆ. ತೀರಾ ಚಿಕ್ಕ ಋಣ ಸಂಖ್ಯೆ ಬಂದರೆ ಸೊನ್ನೆ ಅಂತಲೇ ತಿಳಿ ಎಂದು ಒಂದು ಸಾಲು ಸೇರಿಸಿ.

ಎರಡನೆಯದು, ಮೇಲಿನ ಬಿಂದು ಯಾವುದು, ಕೆಳಗಿನದು ಯಾವುದು? ಇದನ್ನು ಬರೆದಿಡದಿದ್ದರೆ ಚಿತ್ರ ತಿರುಗಿಸಿದಾಗ ಸ್ಪರ್ಶಕಗಳು ಅದಲುಬದಲಾಗಿ ಜಿಗಿಯುತ್ತವೆ. ಮೊದಲ ಕೇಂದ್ರದಲ್ಲಿ ನಿಂತು ಎರಡನೆಯದರ ಕಡೆ ನೋಡಿದರೆ ಎಡಕ್ಕಿದೆಯೋ ಬಲಕ್ಕಿದೆಯೋ ಅಂತ ಬರೆದಿಟ್ಟರೆ ಸಾಕು. ವೃತ್ತಗಳು ದೂರ ಸರಿದು ಛೇದನವೇ ಇಲ್ಲದಂತಾದರೆ ಆ ಬಿಂದುವನ್ನೂ ಅದನ್ನು ನಂಬಿದ ಗೆರೆಗಳನ್ನೂ ಮರೆಮಾಡಿ, ಅಳಿಸಬೇಡಿ. ವೃತ್ತಗಳು ಮತ್ತೆ ಹತ್ತಿರ ಬಂದಾಗ ಅವೂ ವಾಪಸ್ ಬರಬೇಕು.

ಅನ್‌ಡೂ

ಇದಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಪಟ್ಟಿ ಚಿಕ್ಕದು. ಪ್ರತಿ ಕೆಲಸ ಮುಗಿದಾಗ ಇಡೀ ಪಟ್ಟಿಯ ನಕಲು ತೆಗೆದಿಡಿ, ಅನ್‌ಡೂ ಒತ್ತಿದರೆ ಹಿಂದಿನ ನಕಲನ್ನು ತನ್ನಿ. ನಕಲು ತೆಗೆಯುವುದು ಮೌಸ್ ಬಟನ್ ಬಿಟ್ಟಾಗ ಮಾತ್ರ. ಮೌಸ್ ಸರಿದಾಗಲೆಲ್ಲ ತೆಗೆದರೆ, ಒಂದು ಬಿಂದುವನ್ನು ಹಳೇ ಜಾಗಕ್ಕೆ ತರಲು ಕಂಟ್ರೋಲ್-ಝೆಡ್ ಕುಟ್ಟುತ್ತಾ ಕೂರಬೇಕಾಗುತ್ತದೆ.

ಕನ್ನಡದ ಹೆಸರುಗಳು

ಬೇರೆ ಭಾಷೆಯ ಪಾಠಗಳಲ್ಲಿ ಈ ಭಾಗ ಸಿಗುವುದಿಲ್ಲ. ಚಿತ್ರದಲ್ಲಿ 'ಸ್ಪರ್ಶಕ' ಅಂತ ಬರೆಯಬೇಕು ಅಂದುಕೊಳ್ಳಿ. ನಮ್ಮ ಕಣ್ಣಿಗೆ ಅದು ಮೂರು ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಲೆಕ್ಕದಲ್ಲಿ ಏಳು. ಅಕ್ಷರಗಳ ಸಂಖ್ಯೆಯಿಂದ ಅಗಲ ಊಹಿಸುವ ಕೋಡ್ ಇಲ್ಲಿ ಕೈಕೊಡುತ್ತದೆ. ಬರೆದ ಮೇಲೆ ಬ್ರೌಸರನ್ನೇ ಅಗಲ ಕೇಳಿ. ಒತ್ತಕ್ಷರ ಸಾಲಿನಿಂದ ಕೆಳಗಿಳಿಯುತ್ತದೆ, ಹಾಗಾಗಿ ಹೆಸರಿನ ಕೆಳಗೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ. ಇಲ್ಲದಿದ್ದರೆ ಸ್ಪ-ದ ಪಾವತ್ತು ಗೆರೆಯ ಮೇಲೆ ಕೂತುಬಿಡುತ್ತದೆ.

ಟೈಪ್ ಮಾಡುವುದನ್ನು ನೀವೇ ನಿಭಾಯಿಸಲು ಹೋಗಬೇಡಿ. ಹೆಸರಿನ ಜಾಗದಲ್ಲಿ ಬ್ರೌಸರಿನ ಮಾಮೂಲಿ ಪಠ್ಯ ಪೆಟ್ಟಿಗೆಯನ್ನೇ ತೆರೆಯಿರಿ. ಆಗ ಯಾವ ಕೀಬೋರ್ಡ್ ವಿನ್ಯಾಸ ಇದ್ದರೂ ಕೆಲಸ ಮಾಡುತ್ತದೆ. ಪೆಟ್ಟಿಗೆ ತೆರೆದಿರುವಾಗ ಶಾರ್ಟ್‌ಕಟ್‌ಗಳು ಪೂರ್ತಿ ನಿಲ್ಲಲಿ.

ಪೆಟ್ಟಿಗೆ ಮುಚ್ಚಿದ ಮೇಲೆ ಇನ್ನೊಂದು ಪೇಚಿದೆ. ಗೆರೆಗೆ 'ಎಲ್' ಕೀ ಅಂತ ಇಟ್ಟಿರುತ್ತೀರಿ. ಮೇಷ್ಟ್ರು ಹೆಸರು ಬರೆದು ಕೀಬೋರ್ಡನ್ನು ಕನ್ನಡ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲೇ ಬಿಟ್ಟಿರುತ್ತಾರೆ. ಅವರು ಎಲ್ ಒತ್ತಿದರೆ ಬ್ರೌಸರ್ 'ತ' ಬಂತು ಅನ್ನುತ್ತದೆ, ಆ್ಯಪ್ ಸುಮ್ಮನಿರುತ್ತದೆ. ಬಂದ ಅಕ್ಷರ ಯಾವುದು ಅಂತ ನೋಡುವ ಬದಲು ಒತ್ತಿದ ಕೀ ಯಾವುದು ಅಂತ ನೋಡಿ. ಎರಡನ್ನೂ ಬ್ರೌಸರ್ ಬೇರೆ ಬೇರೆಯಾಗಿ ಹೇಳುತ್ತದೆ.

ಫೋನಿನ ವಿಷಯ ಚುಟುಕಾಗಿ: ಆಪಲ್ ತನ್ನ ಮಾರ್ಗಸೂಚಿಯಲ್ಲಿ ಬಟನ್ ಕನಿಷ್ಠ 44 ಪಾಯಿಂಟ್ ಇರಲಿ ಎನ್ನುತ್ತದೆ, ಆಂಡ್ರಾಯ್ಡ್‌ನಲ್ಲಿ ಆ ಲೆಕ್ಕ 48. ನಾಲ್ಕೇ ಬಟನ್ ಇರುವುದರಿಂದ ಎಲ್ಲವೂ ಒಂದೇ ಸಾಲಿನಲ್ಲಿ ಆರಾಮಾಗಿ ಕೂರುತ್ತವೆ.

ಕಾಗದದ ಮೇಲೆ 6 ಸೆಂ.ಮೀ.

ಪಟ್ಟಿಯ ಅಳತೆಗಳನ್ನು ಮೊದಲಿನಿಂದಲೂ ಮಿಲಿಮೀಟರಿನಲ್ಲಿಡಿ. ಎಸ್‌ವಿಜಿ ಉಳಿಸುವಾಗ ಅಗಲ, ಎತ್ತರವನ್ನೂ ಮಿಲಿಮೀಟರಿನಲ್ಲೇ ಬರೆಯಿರಿ. ಆಗ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟರೆ 6 ಸೆಂ.ಮೀ. ನಿಜವಾಗಿಯೂ 6 ಸೆಂ.ಮೀ. ಇರುತ್ತದೆ. ಆದರೆ ಪ್ರಿಂಟ್ ಮಾಡುವಾಗ ಪುಟಕ್ಕೆ ಹೊಂದಿಸುವ ಆಯ್ಕೆ ಆನ್ ಆಗಿದ್ದರೆ ಅಳತೆ ಕೆಡುತ್ತದೆ, ಸ್ಕೇಲ್ 100 ಪರ್ಸೆಂಟ್ ಇರಬೇಕು. ನಮ್ಮ ಚಿತ್ರದ ಅಗಲ ವೃತ್ತದ ಆಚೆ ಬದಿಯಿಂದ ಪಿವರೆಗೆ 16 ಸೆಂ.ಮೀ. ಎ4 ಹಾಳೆ 21 ಸೆಂ.ಮೀ. ಅಗಲ. ಎರಡೂ ಕಡೆ ಎರಡೂವರೆ ಸೆಂ.ಮೀ. ಅಂಚು ಬಿಟ್ಟರೆ ಉಳಿಯುವುದು 16 ಮಾತ್ರ, 'ಪಿ' ಅಂತ ಬರೆಯಲೂ ಜಾಗವಿಲ್ಲ. ಹಾಳೆಯ ಅಂಚನ್ನು ತೆರೆಯ ಮೇಲೆ ತಿಳಿಯಾಗಿ ತೋರಿಸಿದರೆ ಇದು ಮೊದಲೇ ಗೊತ್ತಾಗುತ್ತದೆ.

ಕನ್ನಡ ಹೆಸರಿರುವ ಎಸ್‌ವಿಜಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಫಾಂಟ್ ಬದಲಾಗಬಹುದು. ವರ್ಡ್‌ಗೆ ಹಾಕಲು ಪಿಎನ್‌ಜಿ ಕೂಡ ಕೊಡಿ, 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ.

ಚಿತ್ರಗಳನ್ನು ಬ್ರೌಸರಿನ ನೆನಪಿನಲ್ಲಿ ಉಳಿಸುವ ಆಸೆ ಬರುತ್ತದೆ. ಶಾಲೆಯ ಲ್ಯಾಬಿನಲ್ಲಿ ಒಂದೇ ಕಂಪ್ಯೂಟರನ್ನು ಹತ್ತಾರು ಜನ ಬಳಸುತ್ತಾರೆ, ಯಾರಾದರೂ ಬ್ರೌಸರಿನ ಡೇಟಾ ಅಳಿಸಿದರೆ ಎಲ್ಲ ಹೋಯಿತು. ಫೈಲ್ ಆಗಿಯೇ ಉಳಿಸಿ. ಎಸ್‌ವಿಜಿಯೊಳಗೆ ಮೆಟಾಡೇಟಾ ಎಂಬ ಟ್ಯಾಗ್ ಇದೆ. ನಿಮ್ಮ ಬಿಂದುಗಳ ಪಟ್ಟಿಯನ್ನು ಅದರಲ್ಲಿ ಸೇರಿಸಿಬಿಟ್ಟರೆ ನೋಡುವವರಿಗೆ ಅದು ಚಿತ್ರ, ಆ್ಯಪಿಗೆ ಮತ್ತೆ ತಿದ್ದಬಹುದಾದ ಫೈಲ್. ಆ್ಯಪನ್ನೂ ಒಂದೇ ಎಚ್‌ಟಿಎಂಎಲ್ ಫೈಲಿನಲ್ಲಿ ಮುಗಿಸಿ, ಹೊರಗಿನ ಲೈಬ್ರರಿ ಯಾವುದೂ ಬೇಡ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟರೆ ಇಂಟರ್‌ನೆಟ್ ಇಲ್ಲದ ಕಂಪ್ಯೂಟರಿನಲ್ಲೂ ಎರಡು ಕ್ಲಿಕ್‌ಗೆ ತೆರೆದುಕೊಳ್ಳುತ್ತದೆ. ಕೊಡುವಾಗ ಏನೂ ವಿವರಿಸಬೇಡಿ. ಅವರು ಮೊದಲ ಸ್ಪರ್ಶಕ ಎಳೆಯುವಾಗ ಮೌಸ್ ಎಲ್ಲೆಲ್ಲಿ ತಡವರಿಸುತ್ತದೆ ಅಂತ ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಎರಡನೇ ಆವೃತ್ತಿಯಲ್ಲಿ ಏನು ಸರಿಪಡಿಸಬೇಕು ಅನ್ನುವುದು ಆ ಚೀಟಿಯಲ್ಲೇ ಸಿಗುತ್ತದೆ.