ಮಳೆ ಹಿಡಿಯುವ ಮೊದಲು: ಮಲೆನಾಡಿನ ಮನೆಯಿಂದ ಹುಳುಹುಪ್ಪಟೆ, ಇಲಿ ದೂರವಿಡುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮ ಹಂಚಿನ ಮನೆಯಲ್ಲಿ ಅಪ್ಪನದೊಂದು ಮರದ ಬೀರು ಇತ್ತು. ಜಗಲಿ ಪಕ್ಕದ ಕೋಣೆಯಲ್ಲಿ ಗೋಡೆಗೆ ಆತು ನಿಂತಿತ್ತು. ಒಂದು ವರ್ಷ ಆಶ್ಲೇಷಾ ಮಳೆ ಸುರಿಯುತ್ತಿದ್ದಾಗ ಯಾವುದೋ ಪತ್ರ ಬೇಕಾಗಿ ಬಾಗಿಲು ತೆಗೆದರೆ, ಕೆಳಗಿನ ಎರಡು ಖಾನೆಗಳ ಪುಸ್ತಕಗಳಲ್ಲಿ ಬೆನ್ನಿನ ರಟ್ಟು ಮಾತ್ರ ಉಳಿದಿತ್ತು, ಒಳಗೆಲ್ಲ ಹಸಿ ಮಣ್ಣು. ಮುಂದಿನಿಂದ ನೋಡಿದರೆ ಬೀರುವಿಗೆ ಏನೂ ಆಗಿರಲಿಲ್ಲ. ಹಂಚು ಸೋರಿ ಗೋಡೆ ನೆನೆದಿದ್ದ ಕಡೆಯಿಂದಲೇ ಒರಲೆ (ಗೆದ್ದಲು) ಹಿಂದಿನ ಹಲಗೆಗೆ ದಾಟಿತ್ತು. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ಒಡೆದ ಒಂದು ಹಂಚನ್ನು ಬದಲಿಸಿದ್ದರೆ ಆ ಪುಸ್ತಕಗಳು ಇಂದಿಗೂ ಇರುತ್ತಿದ್ದವು.

ನಮ್ಮ ಸೀಮೆಯಲ್ಲಿ ಹುಳುವನ್ನು ಕರೆತರುವುದು ತೇವ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಶಿವಮೊಗ್ಗ ನಗರಕ್ಕೆ ಬೀಳುವುದು ಅದರ ಸಣ್ಣ ಪಾಲು. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯೂ ಗೋಡೆ, ಬಟ್ಟೆ, ಬೇಳೆ ಎಲ್ಲಕ್ಕೂ ಥಂಡಿ ಹಿಡಿಯುತ್ತದೆ. ಊಟವಿಲ್ಲದೆ ಜಿರಲೆ ಬಹಳ ದಿನ ತಡೆಯುತ್ತದೆ, ನೀರಿಲ್ಲದೆ ಅಷ್ಟು ತಡೆಯದು. ಆದ್ದರಿಂದ ಮೊದಲು ತೇವ ಆರಿಸಿ, ಆಮೇಲೆ ಅವುಗಳ ಊಟ ತಪ್ಪಿಸಿ, ಆಮೇಲೆ ದಾರಿ ಮುಚ್ಚಿ. ವಿಷದ ಡಬ್ಬಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಮಳೆ ನಕ್ಷತ್ರಗಳ ಲೆಕ್ಕದಲ್ಲೇ ಹೇಳುತ್ತೇನೆ, ನೆನಪಿಡಲು ಸುಲಭ.

ರೋಹಿಣಿಯಲ್ಲಿ: ಮಾಡು, ಮರ, ಗೋಡೆ

ಮೇ ಕೊನೆಯ ವಾರದಿಂದ ಜೂನ್ 7ರ ಆಸುಪಾಸಿನವರೆಗೆ ರೋಹಿಣಿ. ನಡುನಡುವೆ ಬಿಸಿಲು ಸಿಗುತ್ತದೆ, ಕೆಲಸ ಆಗಬೇಕಾದದ್ದು ಆಗಲೇ. ಒಡೆದ ಹಂಚು ಬದಲಿಸಿ. ತಾರಸಿ ಮನೆಯಾದರೆ ಮಳೆನೀರಿನ ಕೊಳವೆಯ ಬಾಯಲ್ಲಿ ಕೂತ ಎಲೆಕಸ ತೆಗೆಯಿರಿ. ಬೀರು, ಮಂಚ, ಪುಸ್ತಕದ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದು, ಕಾಲುಗಳ ಕೆಳಗೆ ಕಲ್ಲಿನ ಚಪ್ಪಡಿ ಇಡಿ. ಬಚ್ಚಲು ಒಲೆಗೆ ಕೂಡಿಟ್ಟ ಸೌದೆಯನ್ನು ಮನೆಯ ಗೋಡೆಗೆ ಒಟ್ಟಬೇಡಿ. ಒರಲೆ ಸೌದೆಯಿಂದ ಗೋಡೆಗೆ, ಗೋಡೆಯಿಂದ ದಾರಂದಕ್ಕೆ ಹತ್ತುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಒರಲೆ ಇದೆಯೇ ಎಂದು ತಿಳಿಯುವುದು ಹೀಗೆ. ಟಾರ್ಚ್ ಹಿಡಿದು ದಾರಂದದ ಬುಡ, ಕಿಟಕಿ ಚೌಕಟ್ಟು, ಅಟ್ಟದ ತೊಲೆ ಗೋಡೆ ಸೇರುವ ಜಾಗ ನೋಡಿ. ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಅದು ಒರಲೆಯ ದಾರಿ. ಬಯಲಿನ ಗಾಳಿಗೆ ಒರಲೆಯ ಮೈ ಒಣಗಿಹೋಗುತ್ತದೆ, ಅದಕ್ಕೇ ಅದು ಮಣ್ಣಿನ ಸುರಂಗ ಕಟ್ಟಿಕೊಂಡು ಓಡಾಡುತ್ತದೆ. ಗೆರೆಯನ್ನು ಒಂದಂಗುಲ ಮಾತ್ರ ಕೆರೆದು ಮೂರು ದಿನ ಬಿಡಿ. ಮತ್ತೆ ಮುಚ್ಚಿಕೊಂಡಿದ್ದರೆ ಒಳಗೆ ಜೀವವಿದೆ. ಮರವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ತಿರುಳು ಹೋಗಿದೆ.

ಗೆರೆಯನ್ನು ಗುಡಿಸಿ ಸೀಮೆಎಣ್ಣೆ ಸುರಿದು ಕೈ ತೊಳೆದುಕೊಳ್ಳುವವರೇ ಹೆಚ್ಚು. ಅದರಿಂದ ಸಾಯುವುದು ಅಲ್ಲಿ ಓಡಾಡುತ್ತಿದ್ದ ಕೆಲವು ಮಾತ್ರ. ಗೂಡು ಮಣ್ಣಿನೊಳಗೆ ಸುರಕ್ಷಿತವಾಗಿರುತ್ತದೆ, ಹದಿನೈದು ದಿನದಲ್ಲಿ ಪಕ್ಕದಲ್ಲೇ ಇನ್ನೊಂದು ಗೆರೆ ಎದ್ದಿರುತ್ತದೆ. ಕಟ್ಟಿದ ಮನೆಗೆ ಸರಿಯಾದ ಚಿಕಿತ್ಸೆಯೆಂದರೆ, ನೆಲವೂ ಗೋಡೆಯೂ ಸೇರುವ ಮೂಲೆಯುದ್ದಕ್ಕೆ ಸುಮಾರು ಒಂದಡಿಗೊಂದರಂತೆ ರಂಧ್ರ ಕೊರೆದು ಔಷಧಿಯನ್ನು ಮಣ್ಣಿಗೆ ಇಳಿಸಿ ಮುಚ್ಚುವುದು. ಇದಕ್ಕೆ ಐಎಸ್ 6313 ಎಂಬ ಭಾರತೀಯ ಮಾನಕ ಇದೆ. ಕೆಲಸಕ್ಕೆ ಬಂದವರಿಗೆ ಅದು ಗೊತ್ತಿದೆಯೇ ಎಂದು ಕೇಳಿ, ಯಾವ ಔಷಧಿ ಎಷ್ಟು ನೀರಿಗೆ ಎಂಬುದನ್ನು ಬರೆಸಿಕೊಳ್ಳಿ. ಬಾವಿ ಮನೆಗೆ ಅಂಟಿದಂತಿದ್ದರೆ ಮೊದಲೇ ತಿಳಿಸಿ. ಮಣ್ಣಿಗೆ ಇಳಿದದ್ದು ಬಾವಿ ನೀರಿಗೂ ಸೇರಬಹುದು, ಅಂಥ ಕಡೆ ಈ ಕೆಲಸ ಮಾಡಿಸಲೇಬಾರದು. ಹೊಸ ಮರಕ್ಕೆ ಹಿರಿಯರು ಗೇರೆಣ್ಣೆ ಬಳಿಯುತ್ತಿದ್ದರು. ಈಗಲೂ ಅದು ಒಳ್ಳೆಯ ಕ್ರಮ, ಆದರೆ ಕೈಗವಸು ಬೇಕೇ ಬೇಕು. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ.

ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಹುಳುಗಳೂ ಒರಲೆಯೇ. ಹೊರಗಿನಿಂದ ಬಂದವಾದರೆ ದೀಪ ಆರಿಸಿದರೆ ಸಾಕು. ಕಿಟಕಿ ಮುಚ್ಚಿದ್ದ ಕೋಣೆಯಲ್ಲೇ ಬೆಳಿಗ್ಗೆ ಉದುರಿದ ರೆಕ್ಕೆಗಳ ರಾಶಿ ಕಂಡರೆ ಗೂಡು ಮನೆಯೊಳಗೇ ಇದೆ ಎಂದು ತಿಳಿಯಿರಿ, ತಡಮಾಡಬೇಡಿ.

ಮೃಗಶಿರಾದಿಂದ: ವಾರಕ್ಕೊಂದು ದಿನ ನೀರು ಚೆಲ್ಲುವುದು

ಡೆಂಗಿ ತರುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕಿಗಿಂತ ನಮ್ಮ ಅಂಗಳದ ತಿಳಿನೀರನ್ನೇ ಹೆಚ್ಚು ಬಯಸುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಂಡು ಮನೆ ಸುತ್ತಬೇಕು. ಎಲ್ಲಿ ನೋಡಬೇಕೆಂದರೆ, ಅಂಗಳದಲ್ಲಿ ಬಳಕೆ ತಪ್ಪಿದ ಒರಳುಕಲ್ಲು, ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ತಟ್ಟೆ, ಸೌದೆಗೆ ಹೊದಿಸಿದ ಟಾರ್ಪಾಲಿನ ಮಡಿಕೆ, ಹಳೆಯ ಟೈರು. ತೋಟದ ಮನೆಯವರು ಅಡಿಕೆ ಹಾಳೆಯನ್ನು ಮರೆಯಬಾರದು. ಬಿದ್ದ ಹಾಳೆ ದೋಣಿಯಂತೆ ನೀರು ಹಿಡಿದು ವಾರಗಟ್ಟಲೆ ನೆರಳಲ್ಲಿ ಕೂರುತ್ತದೆ. ಒಂದೊಂದು ಹಾಳೆಯೂ ಒಂದೊಂದು ಸೊಳ್ಳೆ ತೊಟ್ಟಿಲು. ಹೆಕ್ಕಿ ತಂದು ಕೊಟ್ಟಿಗೆಯಲ್ಲಿ ಒಟ್ಟಿ, ಆಗದಿದ್ದರೆ ಕವುಚಿಯಾದರೂ ಹಾಕಿ.

ನಲ್ಲಿ ನೀರು ಹಿಡಿದಿಡುವ ಡ್ರಮ್ಮನ್ನು ಬರಿದು ಮಾಡಿದರೆ ಸಾಲದು, ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಬೇಕು. ಈ ಸೊಳ್ಳೆ ನೀರಿನ ಅಂಚಿಗಿಂತ ತುಸು ಮೇಲೆ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಗಿದೊಡನೆ ಒಡೆಯುತ್ತವೆ. ಖಾಲಿ ಮಾಡಲಾಗದ ತೊಟ್ಟಿಗೆ ಗಪ್ಪಿ ಮೀನು ಬಿಡಿ. ಈಡಿಸ್ ಕಚ್ಚುವುದು ಹಗಲಿನಲ್ಲಿ, ಹಾಗಾಗಿ ಮಧ್ಯಾಹ್ನ ಮಲಗುವ ಮಗುವಿಗೂ ಸೊಳ್ಳೆಪರದೆ ಬೇಕು. ಲಕ್ಕಿ ಸೊಪ್ಪಿನ ಹೊಗೆ ಇರುವಷ್ಟು ಹೊತ್ತು ಸೊಳ್ಳೆ ದೂರವಿದ್ದೀತು. ನೀರಿನಲ್ಲಿರುವ ಮರಿಗೆ ಅದು ತಲುಪುವುದಿಲ್ಲ. ದಮ್ಮಿನವರಿರುವ ಮನೆಯಲ್ಲಿ ಆ ಹೊಗೆಯೂ ಬೇಡ, ಬಾಗಿಲು ಮುಚ್ಚಿ ಹಚ್ಚುವ ಕಾಯಿಲ್ಲೂ ಬೇಡ.

ಆರಿದ್ರಾ, ಪುಷ್ಯ: ಅಡುಗೆಮನೆ

ರಾತ್ರಿ ಹನ್ನೊಂದಕ್ಕೆ ಸದ್ದಿಲ್ಲದೆ ಹೋಗಿ ದೀಪ ಹಾಕಿ. ಬಚ್ಚಲು ಜಾಲರಿಯಿಂದ ಬರುವ ದೊಡ್ಡ ಕೆಂಪು ಜಿರಲೆ ಕಂಡರೆ ಜಾಲರಿಗೆ ರಾತ್ರಿ ಮುಚ್ಚಳ ಹಾಕುವುದರಿಂದ ಬಹುಪಾಲು ಕೆಲಸ ಮುಗಿಯುತ್ತದೆ. ಸ್ಟವ್ ಕೆಳಗೆ, ಮಿಕ್ಸಿಯ ತಳದಲ್ಲಿ, ಕಪಾಟಿನ ಕೀಲಿನಲ್ಲಿ ಅಡಗುವ ಸಣ್ಣ ಕಂದು ಜಿರಲೆಯಾದರೆ ಹೆಚ್ಚು ಎಚ್ಚರ ಬೇಕು. ಅದರ ಒಂದು ಮೊಟ್ಟೆಚೀಲದಲ್ಲಿ 30ರಿಂದ 40 ಮರಿಗಳಿರುತ್ತವೆ.

ಇದಕ್ಕೆ ಸ್ಪ್ರೇ ಹೊಡೆದರೆ ಕಂಡವು ಸಾಯುತ್ತವೆ, ಉಳಿದವು ಇನ್ನೊಂದು ಕೋಣೆಗೆ ಚದುರುತ್ತವೆ. ಜೆಲ್ ಔಷಧಿಯೇ ಮೇಲು. ಹೆಸರುಕಾಳಿಗಿಂತ ಚಿಕ್ಕ ಚುಕ್ಕಿಗಳನ್ನು ಸಂದಿಗಳಲ್ಲಿ ಇಡಿ; ತಿಂದ ಜಿರಲೆ ಗೂಡಿಗೆ ಮರಳಿ ಸಾಯುತ್ತದೆ, ಅದರ ಹಿಕ್ಕೆ ಮತ್ತು ಹೆಣ ತಿಂದವೂ ಸಾಯುತ್ತವೆ. ಜೆಲ್ ಇಟ್ಟ ಜಾಗಕ್ಕೆ ಸ್ಪ್ರೇ ಹೊಡೆಯಬಾರದು, ವಾಸನೆಗೆ ಅವು ಹತ್ತಿರ ಸುಳಿಯುವುದಿಲ್ಲ. ಖರ್ಚು ಬೇಡವೆಂದರೆ ಬೋರಿಕ್ ಪುಡಿ, ಗೋಧಿ ಹಿಟ್ಟು, ಸಕ್ಕರೆ ಸಮನಾಗಿ ಕಲಸಿ ಸಣ್ಣ ಉಂಡೆ ಮಾಡಿ ಮಗುವಿನ ಕೈ ಎಟುಕದ ಸಂದಿಯಲ್ಲಿಡಿ. ನಿಧಾನವಾಗಿ ಕೆಲಸ ಮಾಡುತ್ತದೆ, ಒಂದೆರಡು ವಾರ ತಾಳ್ಮೆ ಬೇಕು. ಇವೆಲ್ಲಕ್ಕೂ ಮೊದಲು ಮಾಡಬೇಕಾದದ್ದೊಂದಿದೆ. ಮಲಗುವ ಮುನ್ನ ಸಿಂಕನ್ನು ಒಣಬಟ್ಟೆಯಲ್ಲಿ ಒರೆಸಿ, ಒದ್ದೆ ಮಸಿಬಟ್ಟೆಯನ್ನು ಹಿಂಡಿ ಹರವಿ, ಎಂಜಲು ಪಾತ್ರೆ ಬೆಳಗ್ಗೆಗೆ ಬಿಡದಿರಿ.

ಇರುವೆಯ ಸಾಲಿಗೆ ಸೋಪಿನ ನೀರಿನ ಬಟ್ಟೆ ಸಾಕು. ಸಾಲು ಹೊರಡುವ ಬಿರುಕಿಗೆ ಸಿಮೆಂಟ್ ತುಂಬಿ.

ಇಲಿ

ಇಲಿಯ ವಿಷಯದಲ್ಲಿ ನನಗೆ ಅಳುಕಿದೆ, ಏಕೆಂದರೆ ಅದರ ಮೂತ್ರದಿಂದ ಹರಡುವ ಇಲಿಜ್ವರ ಗದ್ದೆ ತೋಟದ ನಾಡಿನಲ್ಲಿ ಜೀವ ತೆಗೆಯುತ್ತದೆ. ಕಾಲಿನ ಸಣ್ಣ ಗಾಯವೂ ರೋಗಾಣುವಿಗೆ ಬಾಗಿಲು. ಮಳೆಗಾಲದಲ್ಲಿ ಕೆಸರಿಗೆ ಇಳಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದರೆ ಗದ್ದೆಗೆ ಇಳಿದದ್ದನ್ನು ವೈದ್ಯರಿಗೆ ಹೇಳಲೇಬೇಕು.

ಮರಿಯಿಲಿಗೆ ಪೆನ್ಸಿಲ್ ತೂರುವಷ್ಟು ಸಂದಿ ಸಾಕು. ಕೊಳವೆ ಗೋಡೆ ದಾಟುವಲ್ಲಿ, ಬಾಗಿಲಡಿಯಲ್ಲಿ, ಹಂಚಿನ ಅಂಚಿನಲ್ಲಿ ನೋಡಿ. ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನು ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಬೋನನ್ನು ಗೋಡೆಗೆ ಒತ್ತಿ ಇಡಿ, ಇಲಿ ನಡುಮನೆಯಲ್ಲಿ ಓಡುವುದಿಲ್ಲ. ಸುಟ್ಟ ಕೊಬ್ಬರಿ ತುಂಡು ಕಟ್ಟಿ ಎರಡು ರಾತ್ರಿ ಬೋನನ್ನು ಬಿಗಿಯದೆ ಬಿಡಿ. ಹೊಸ ವಸ್ತುವಿಗೆ ಅದು ಅಂಜುತ್ತದೆ, ಅಭ್ಯಾಸವಾದ ಮೂರನೆಯ ರಾತ್ರಿ ಬಿಗಿಯಿರಿ. ಹಿಕ್ಕೆಯನ್ನು ಒಣಗಿದ್ದಂತೆ ಗುಡಿಸದೆ, ಬ್ಲೀಚಿಂಗ್ ನೀರು ಚಿಮುಕಿಸಿ ಕೈಗವಸು ಹಾಕಿ ಒರೆಸಿ. ಅಂದಹಾಗೆ, ಇಲಿಯಿದ್ದಲ್ಲಿಗೆ ಹಾವು ಬರುತ್ತದೆ. ಕೇರೆ ಹಾವು ವಿಷದ್ದಲ್ಲ, ಇಲಿ ಹಿಡಿದು ಉಪಕಾರ ಮಾಡುತ್ತದೆ. ದಯವಿಟ್ಟು ಹೊಡೆಯಬೇಡಿ.

ಅಕ್ಕಿ, ಬಟ್ಟೆ, ಉಣ್ಣೆಹುಳು

ಅಕ್ಕಿಯ ಮೂತಿಹುಳು ಕಾಳಿನೊಳಗೇ ಮೊಟ್ಟೆಯಿಡುತ್ತದೆ, ಅಂಗಡಿಯಿಂದಲೇ ಬಂದಿರುತ್ತದೆ. ಮಳೆಗಾಲಕ್ಕೆ ತಿಂಗಳಿಗಾಗುವಷ್ಟೇ ತಂದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಣಗಿದ ಲಕ್ಕಿ ಇಲ್ಲವೇ ಬೇವಿನ ಸೊಪ್ಪಿನ ಜೊತೆ ಇಡಿ. ರವೆ, ಹಿಟ್ಟನ್ನು ನಾಲ್ಕು ದಿನ ಫ್ರೀಜರಿನಲ್ಲಿಟ್ಟರೆ ಮೊಟ್ಟೆಯೂ ಸಾಯುತ್ತದೆ. ಬಟ್ಟೆ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆ ಹಸುಗೂಸಿನ ಬಟ್ಟೆಗೆ ಬೇಡವೇ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿಗೆ ಅದರ ಆವಿಯಿಂದ ರಕ್ತಕಣಗಳು ಒಡೆದು ಕಾಮಾಲೆ ಏರುತ್ತದೆ.

ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಹುಳುವಿನ (ಉಣುಗು) ಕಾಟ ಮಳೆ ನಿಂತ ಮೇಲಿನದು, ಡಿಸೆಂಬರ್‌ನಿಂದ ಮೇವರೆಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ, ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಕಾಡಿನ ತರಗೆಲೆಯ ಹೊರೆಯನ್ನು ಮನೆಗೆ ತಾಗಿಸಿ ಇಳಿಸಬೇಡಿ. ಕಾಡಿಗೆ ಹೋಗುವಾಗ ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ, ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಯರಿಗೆ ತಿಳಿಸಿ.

ವಿಷ ತರಲೇಬೇಕಾದರೆ

ಎರಡನ್ನು ಮನೆಯೊಳಗೆ ತರಲೇಬೇಡಿ. ಒಂದು, ಹಳದಿ ರಂಜಕದ ಇಲಿ ಪೇಸ್ಟ್. ಅದು ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಇನ್ನೊಂದು, ಕಾಳಿನ ರಾಶಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ತೇವ ತಾಗಿದರೆ ಸಾಕು, ಅದರ ಅನಿಲ ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನು ಕೊಲ್ಲುತ್ತದೆ. ಎರಡಕ್ಕೂ ಪ್ರತಿವಿಷವಿಲ್ಲ. ಬೇರೆ ಯಾವುದೇ ಔಷಧಿಯನ್ನು ಅದು ಬಂದ ಡಬ್ಬಿಯಲ್ಲೇ ಬೀಗ ಹಾಕಿ ಇಡಿ, ತಂಪುಪಾನೀಯದ ಬಾಟಲಿಗೆ ಸುರಿಯಬೇಡಿ. ಮಗು ಬಾಯಿಗೆ ಹಾಕಿಕೊಂಡಿತೆಂದು ಸಂಶಯ ಬಂದರೂ ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆ ಮಾಡಿ, ಔಷಧಿಯ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.