ಯೊರುಬಾಗೆ ಕೀಬೋರ್ಡ್ ಮಾಡುವುದು ಹೇಗೆ? ದನಿಗುರುತು ಅಕ್ಷರದ ಮೇಲೆ ಸರಿಯಾಗಿ ಕೂರಬೇಕು

ನೈಜೀರಿಯಾ, ಬೆನಿನ್ ದೇಶಗಳಲ್ಲಿ ಕೋಟ್ಯಂತರ ಜನ ಯೊರುಬಾ ಮಾತಾಡುತ್ತಾರೆ. ಅದರಲ್ಲಿ ದನಿ ಏರಿಳಿದಂತೆ ಅರ್ಥವೇ ಬದಲಾಗುತ್ತದೆ. 'ಒಕೊ' ಎಂಬುದು ದನಿಗೆ ತಕ್ಕಂತೆ ಗಂಡ, ಗುದ್ದಲಿ ಅಥವಾ ವಾಹನ. ಆದರೂ ಕಂಪ್ಯೂಟರಿನಲ್ಲಿ ತುಂಬ ಜನ ದನಿಗುರುತು ಬಿಟ್ಟೇ ಬರೆಯುತ್ತಾರೆ. ಸೋಮಾರಿತನ ಅಂತ ಅವರನ್ನು ಬೈಯಬೇಡಿ. ಗುರುತು ಹಾಕುವುದನ್ನು ಕಷ್ಟ ಮಾಡಿಟ್ಟಿರುವುದು ಕೀಬೋರ್ಡ್.

ಮೊದಲು ಬೇಕಾದದ್ದನ್ನೆಲ್ಲ ಬರೆದುಕೊಳ್ಳಿ. ಇಂಗ್ಲಿಷಿನ ಇ, ಓ, ಎಸ್ ಅಕ್ಷರಗಳ ಕೆಳಗೆ ಚುಕ್ಕೆ ಇಟ್ಟರೆ ಬರುವ ಮೂರು ಅಕ್ಷರ. ಏರುದನಿಗೆ ಒಂದು ಓರೆಗೆರೆ, ಇಳಿದನಿಗೆ ಇನ್ನೊಂದು. ನಡುದನಿಗೆ ಸಾಮಾನ್ಯವಾಗಿ ಗುರುತಿಲ್ಲ. ಎಮ್ ಮತ್ತು ಎನ್ ಮೇಲೂ ದನಿಗುರುತು ಬರುತ್ತದೆ, ಇದನ್ನು ಮರೆಯುವವರೇ ಜಾಸ್ತಿ. ಜೊತೆಗೆ ನೈರಾ ಹಣದ ಚಿಹ್ನೆ.

ಆಮೇಲೆ ಕೀಲಿ ಹಂಚಿ. ಯೊರುಬಾ ವರ್ಣಮಾಲೆಯಲ್ಲಿ ಸಿ, ಕ್ಯೂ, ವಿ, ಎಕ್ಸ್, ಝಡ್ ಇಲ್ಲ. ಹಾಗಂತ ಐದನ್ನೂ ಕಿತ್ತುಕೊಳ್ಳಬೇಡಿ. ನೈಜೀರಿಯಾದ ಆಡಳಿತ ಭಾಷೆ ಇಂಗ್ಲಿಷ್, ಒಂದೇ ಸಾಲಿನಲ್ಲಿ ಎರಡೂ ಭಾಷೆ ಬರುತ್ತವೆ. ಸಿ, ವಿ ಇಲ್ಲದಿದ್ದರೆ ಜನ ನಿಮ್ಮ ಕೀಬೋರ್ಡನ್ನೇ ಆಫ್ ಮಾಡಿಬಿಡುತ್ತಾರೆ. ಕ್ಯೂ, ಎಕ್ಸ್, ಝಡ್ ಕೀಲಿಗಳಿಗೆ ಚುಕ್ಕೆಯ ಅಕ್ಷರ ಕೊಡಿ. ಮೂಲ ಅಕ್ಷರ ಸ್ಪೇಸ್ ಬಾರಿನ ಬಲಕ್ಕಿರುವ ಆಲ್ಟ್‌ಜಿಆರ್ ಜೊತೆ ಒತ್ತಿದಾಗ ಬರಲಿ. ಪಿ ಪಕ್ಕದ ಎರಡು ಚೌಕ ಕಂಸದ ಕೀಲಿಗಳನ್ನು ದನಿಗುರುತಿಗೇ ಇಡಿ: ಎಡಕ್ಕೆ ಇಳಿದನಿ, ಬಲಕ್ಕೆ ಏರುದನಿ. ಪದ ಪದಕ್ಕೂ ಬೇಕಾಗುವ ಗುರುತಿಗೆ ಎರಡು ಕೀಲಿ ಒಟ್ಟಿಗೆ ಒತ್ತಿಸುವುದು ನನಗೆ ಒಪ್ಪಿಗೆಯಿಲ್ಲ.

ಹೆಚ್ಚಿನವರು ಎಡವುವುದು ಇನ್ನು ಮುಂದೆ. ಫ್ರೆಂಚ್ ಕೀಬೋರ್ಡ್ ನೋಡಿದವರು 'ಡೆಡ್ ಕೀ' ಇಡುತ್ತಾರೆ. ಅಂದರೆ ಮೊದಲು ಗುರುತು ಒತ್ತಬೇಕು, ಆಗ ಏನೂ ಕಾಣುವುದಿಲ್ಲ, ಆಮೇಲೆ ಅಕ್ಷರ ಒತ್ತಿದಾಗ ಎರಡೂ ಸೇರಿ ಬರುತ್ತವೆ. ಯೊರುಬಾಗೆ ಇದು ಬೇಡ. ವಿಂಡೋಸ್‌ನ ಡೆಡ್ ಕೀ ಒಂದೇ ಒಂದು ಕೋಡ್ (ಕಂಪ್ಯೂಟರ್ ಅಕ್ಷರವನ್ನು ಗುರುತಿಸುವ ಸಂಖ್ಯೆ) ಹೊರಡಿಸಬಲ್ಲದು. ಕೆಳಗೆ ಚುಕ್ಕೆ, ಮೇಲೆ ದನಿಗುರುತು ಎರಡೂ ಇರುವ ಇ ಅಕ್ಷರಕ್ಕೆ, ಎಲ್ಲ ಭಾಷೆಗಳ ಅಕ್ಷರಗಳಿಗೂ ಕೋಡ್ ಕೊಡುವ ಜಾಗತಿಕ ಪಟ್ಟಿಯಾದ ಯುನಿಕೋಡ್‌ನಲ್ಲಿ ಒಂಟಿ ಕೋಡ್ ಇಲ್ಲ. ಇಳಿದನಿಯ ಎಮ್‌ಗೂ ಇಲ್ಲ. ಯುನಿಕೋಡ್ ನಿಯಮದ ಪ್ರಕಾರ ಇಂಥ ಸಿದ್ಧ ಅಕ್ಷರಗಳನ್ನು ಇನ್ನು ಸೇರಿಸುವುದೂ ಇಲ್ಲ. ಹಾಗಾಗಿ ಅಕ್ಷರ ಮೊದಲು, ಗುರುತು ನಂತರ. ಕನ್ನಡದಲ್ಲಿ ವ್ಯಂಜನ ಒತ್ತಿ ಆಮೇಲೆ ಕಾಗುಣಿತ ಸೇರಿಸುತ್ತೇವಲ್ವಾ, ಅದೇ ಕ್ರಮ.

ಇಷ್ಟಕ್ಕೇ ನಿಲ್ಲಿಸಬೇಡಿ. ಕನ್ನಡದ 'ಕೊ'ದಲ್ಲಿರುವ ಒ-ಕಾರವನ್ನು ಒಂದೇ ಕೋಡ್‌ನಲ್ಲಿ ಬರೆಯಬಹುದು, ಎ-ಕಾರ ಊ-ಕಾರಗಳ ಎರಡು ಕೋಡ್ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಎಷ್ಟೋ ತಂತ್ರಾಂಶಗಳಿಗೆ ಬೇರೆ ಬೇರೆ. ಯೊರುಬಾದಲ್ಲಿ ಈ ತೊಂದರೆ ಹೆಜ್ಜೆಹೆಜ್ಜೆಗೂ ಇದೆ. ಬಳಸುವವರು ಯಾವ ಕ್ರಮದಲ್ಲಿ ಒತ್ತಿದರೂ ಹೊರಬರುವುದು ಒಂದೇ ರೂಪವಾಗಿರಬೇಕು. ಯುನಿಕೋಡ್‌ನ 'ಎನ್‌ಎಫ್‌ಸಿ' ರೂಪವನ್ನೇ, ಅಂದರೆ ಒಂಟಿ ಕೋಡ್ ಇದ್ದಲ್ಲಿ ಅದನ್ನೇ ಬಳಸುವ ರೂಪವನ್ನೇ ಹಿಡಿಯಿರಿ: ಏರುದನಿಯ ಇಂಗ್ಲಿಷ್ ಎ (a) ಒಂದೇ ಕೋಡ್, ಚುಕ್ಕೆಯ ಇ ಮೇಲಿನ ಏರುದನಿ ಮಾತ್ರ ಬೇರೆ ಕೋಡ್, ಅಂದರೆ 0301. ಇಳಿದನಿಗೆ 0300. ಚುಕ್ಕೆಯ ಬದಲು ಪುಟ್ಟ ನೆಟ್ಟಗೆರೆ ಬಳಸುವವರೂ ಇದ್ದಾರೆ. ಅದರ ಕೋಡ್ 0329, ಚುಕ್ಕೆಯದು 0323. ಒಂದೇ ಕೀಬೋರ್ಡಿನಲ್ಲಿ ಎರಡನ್ನೂ ಬೆರೆಸಬೇಡಿ. ನಾನಂತೂ ಚುಕ್ಕೆಯ ಪರ.

ಮೈಕ್ರೋಸಾಫ್ಟ್‌ನ ಹಳೆಯ ಕೀಬೋರ್ಡ್ ತಯಾರಿಸುವ ತಂತ್ರಾಂಶ ಲೇಔಟ್ ಕ್ರಿಯೇಟರ್‌ನಲ್ಲಿ ಇದು ಆಗುವುದಿಲ್ಲ. ಹಿಂದಿನ ಅಕ್ಷರ ನೋಡಿ ತೀರ್ಮಾನಿಸುವ ಶಕ್ತಿ ಅದಕ್ಕಿಲ್ಲ. ಕೀಮ್ಯಾನ್ ಎಂಬ ತಂತ್ರಾಂಶ ಬಳಸಿ. ಅದು ಉಚಿತ, ಮೊಬೈಲಿನಲ್ಲೂ ನಡೆಯುತ್ತದೆ. ಅದರಲ್ಲಿ ಇನ್ನೆರಡು ನಿಯಮ ಬರೆಯಿರಿ. ಏರುದನಿ ಹಾಕಿದ ಮೇಲೆ ಇಳಿದನಿ ಒತ್ತಿದರೆ ಗುರುತು ಬದಲಾಗಬೇಕು, ಒಂದರ ಮೇಲೊಂದು ಪೇರಬಾರದು. ಬ್ಯಾಕ್‌ಸ್ಪೇಸ್ ಒತ್ತಿದರೆ ಮೊದಲು ದನಿಗುರುತು ಮಾತ್ರ ಅಳಿಯಬೇಕು. ಈ ನಿಯಮ ಇಲ್ಲದಿದ್ದರೆ ಒಂಟಿ ಕೋಡ್ ಇರುವ ಕಡೆ ಇಡೀ ಅಕ್ಷರ ಹೋಗುತ್ತದೆ, ಎರಡು ಕೋಡ್ ಇರುವ ಕಡೆ ಗುರುತಷ್ಟೇ ಹೋಗುತ್ತದೆ. ಟೈಪ್ ಮಾಡುವವರ ಕೈ ಪಳಗುವುದೇ ಇಲ್ಲ.

ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಯೊರುಬಾ ಅಕ್ಷರದ ಚಿತ್ರ ಕೂರಿಸಿದ ಹಳೆಯ ಫಾಂಟ್‌ಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. ಸುಮ್ನೆ ಕೊಟ್ಟರೂ ತೊಗೋಬೇಡಿ. ಫಾಂಟ್ ಬದಲಾದ ಕೂಡಲೇ ಬರಹ ಕೆಡುತ್ತದೆ. ಪರೀಕ್ಷೆಗೆ ಚಾರಿಸ್ ಅಥವಾ ನೋಟೋ ಫಾಂಟ್ ಸಾಕು. ದೊಡ್ಡಕ್ಷರದ ಮೇಲೆ ಗುರುತು ಕತ್ತರಿಸಿಹೋಗಿದೆಯಾ ನೋಡಿ. ಕೊನೆಗೆ ಯೊರುಬಾ ಕಲಿಸುವ ಮೇಷ್ಟ್ರೊಬ್ಬರಿಗೆ ಕೊಟ್ಟು ಒಂದು ಪುಟ ಪೂರ್ತಿ ಟೈಪ್ ಮಾಡಿಸಿ. ಅವರು ಗುರುತು ಬಿಟ್ಟ ಜಾಗಗಳನ್ನು ಗುರುತಿಸಿಕೊಂಡು, ಆ ಕೀಲಿಗಳನ್ನು ಮತ್ತೆ ಹಂಚಿ.