ಅವಧಿಪೂರ್ವ ಹೆರಿಗೆಯ ಸುಳಿವಿಗೆ ಗರ್ಭಕೋಶದ ವಿದ್ಯುತ್ ದಾಖಲಿಸುವ ಬಗೆ

ನಾನು ತೆಗೆದ ಮೊದಲ ದಾಖಲೆಯಲ್ಲಿ ಗರ್ಭಕೋಶದ ಸದ್ದೇ ಇರಲಿಲ್ಲ. ಮೂವತ್ತು ನಿಮಿಷ ಒಂದೇ ಸಮನೆ ಏರಿಳಿದ ಅಲೆಯನ್ನು ಹಿಗ್ಗಿನಿಂದ ಹಿರಿಯ ವೈದ್ಯೆಗೆ ತೋರಿಸಿದೆ. ಅವರು ಪರದೆಯ ಮೇಲೆ ಬೆರಳಿಟ್ಟು ನಾಲ್ಕು ಸೆಕೆಂಡಿಗೊಂದರಂತೆ ಅಲೆಗಳನ್ನು ಎಣಿಸಿ, "ತಾಯಿ ಚೆನ್ನಾಗಿ ಉಸಿರಾಡುತ್ತಿದ್ದಾರೆ, ಸಂತೋಷ" ಎಂದರು. ಅಂದಿನಿಂದ ಯಾವ ದಾಖಲೆ ತೆರೆದರೂ ನಾನು ಮೊದಲು ಹುಡುಕುವುದು ಉಸಿರನ್ನು.

37 ವಾರ ತುಂಬುವ ಮೊದಲೇ ಆಗುವ ಹೆರಿಗೆ ಅವಧಿಪೂರ್ವ ಹೆರಿಗೆ. 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 1.34 ಕೋಟಿ, ಅಂದರೆ ಹತ್ತರಲ್ಲಿ ಒಂದು. ಕೆಲವು ದಿನ ಮೊದಲೇ ತಿಳಿದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಕೊಡಬಹುದು, ನವಜಾತ ಶಿಶು ಘಟಕವಿರುವ ಆಸ್ಪತ್ರೆಗೆ ಸಾಗಿಸಬಹುದು. ಹೊಟ್ಟೆಗೆ ಕಟ್ಟುವ ಟೋಕೋ ಪಟ್ಟಿ ಹೊಟ್ಟೆ ಗಟ್ಟಿಯಾದದ್ದನ್ನು ಮಾತ್ರ ಹೇಳುತ್ತದೆ. ದಪ್ಪ ಮೈಯವರಲ್ಲಿ ಅದನ್ನೂ ಸರಿಯಾಗಿ ಹೇಳುವುದಿಲ್ಲ. ಗಟ್ಟಿಯಾದ ಹೊಟ್ಟೆಯೆಲ್ಲ ಹೆರಿಗೆಗೆ ಹೊರಟದ್ದಲ್ಲ ಎಂಬುದು ಬಸುರಿಯರಿಗೆಲ್ಲ ಗೊತ್ತು.

ಗರ್ಭಕೋಶವೂ ಒಂದು ಸ್ನಾಯು, ಕುಗ್ಗುವ ಮೊದಲು ಅದರ ಕೋಶಗಳಲ್ಲಿ ವಿದ್ಯುತ್ ಮಿಡಿಯುತ್ತದೆ. ಬಹಳ ತಿಂಗಳ ಕಾಲ ಈ ಮಿಡಿತ ಹುಟ್ಟಿದ ಜಾಗದಲ್ಲೇ ಅಡಗುತ್ತದೆ. ಹೆರಿಗೆ ಹತ್ತಿರವಾದಾಗ ಕನೆಕ್ಸಿನ್-43 ಎಂಬ ಪ್ರೋಟೀನಿನಿಂದಾದ ಸೇತುವೆಗಳು ಕೋಶಗಳ ನಡುವೆ ಹೆಚ್ಚುತ್ತವೆ. ಅಲ್ಲೊಬ್ಬರು ಇಲ್ಲೊಬ್ಬರು ತಟ್ಟುತ್ತಿದ್ದ ಚಪ್ಪಾಳೆ ಒಂದೇ ತಾಳಕ್ಕೆ ಬರುವ ಹಾಗೆ, ಒಂದು ಕಡೆ ಎದ್ದ ಸಂಕೇತ ಗರ್ಭಕೋಶದ ಉದ್ದಗಲಕ್ಕೂ ಹರಿಯುತ್ತದೆ. ನಾವು ಚರ್ಮದ ಮೇಲೆ ಕೂತು ಕೇಳಿಸಿಕೊಳ್ಳಲು ಹವಣಿಸುವುದು ಈ ತಾಳವನ್ನು. ಇದಕ್ಕೆ ಎಲೆಕ್ಟ್ರೋಹಿಸ್ಟರೋಗ್ರಾಂ ಎಂದು ಹೆಸರು. 1931ರಷ್ಟು ಹಿಂದೆಯೇ ಇಂಥ ದಾಖಲೆ ಪ್ರಕಟವಾಗಿತ್ತು.

ಇನ್ನು ಹಾಸಿಗೆಯ ಬಳಿಗೆ ಬನ್ನಿ. ಅರ್ಧ ಗಂಟೆ ಅಲುಗಾಡದೆ ಮಲಗಬೇಕಾದವರು ಮೊದಲು ಮೂತ್ರ ಮಾಡಿ ಬರಲಿ. ನೆಟ್ಟಗೆ ಅಂಗಾತ ಮಲಗಿಸಬೇಡಿ. ತುಂಬಿದ ಗರ್ಭಕೋಶ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತಿಸುತ್ತದೆ. ಬಲ ಪಕ್ಕೆಯ ಕೆಳಗೆ ದಿಂಬು ಕೊಟ್ಟು ಎಡಕ್ಕೆ ತುಸು ವಾಲಿಸಿ.

ಆಮೇಲಿನದು ಚರ್ಮ. ಹೊಸಬರು ಅವಸರ ಮಾಡುವುದು ಇಲ್ಲೇ. ನಮಗೆ ಬೇಕಾದ ಸಂಕೇತ ಹತ್ತಾರು, ಹೆಚ್ಚೆಂದರೆ ಕೆಲವು ನೂರು ಮೈಕ್ರೋವೋಲ್ಟ್. ಎಣ್ಣೆ ಹಚ್ಚಿದ ಹೊಟ್ಟೆಯ ಮೇಲೆ ಎಲೆಕ್ಟ್ರೋಡ್ ಅಂಟಿಸಿದರೆ ಸಿಗುವುದು ಬರೀ ಗೊಜಲು. ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಉಜ್ಜುವ ಜೆಲ್ಲನ್ನು ಬಟ್ಟೆಗೆ ಹಾಕಿಕೊಂಡು ಹಗುರವಾಗಿ ನಾಲ್ಕೈದು ಬಾರಿ ತಿಕ್ಕಿ. ಚರ್ಮ ತುಸು ಗುಲಾಬಿಯಾದರೆ ಸಾಕು. ಹೊಟ್ಟೆ ಹಿಗ್ಗಿ ಬಿರಿದ ಗೆರೆಗಳ ಮೇಲೆ ತಿಕ್ಕಬೇಡಿ, ಉರಿಯುತ್ತದೆ. ಪ್ರತಿರೋಧ 10 ಕಿಲೋಓಮ್‌ಗಿಂತ ಕೆಳಗೆ ಇಳಿಯದಿದ್ದರೆ ಎಲೆಕ್ಟ್ರೋಡ್ ಕಿತ್ತು ಮತ್ತೆ ಮೊದಲಿನಿಂದ. ಈ ಕೆಲಸಕ್ಕೆ ಹತ್ತು ನಿಮಿಷ ಹಿಡಿದರೆ ಹಿಡಿಯಲಿ. ಇಲ್ಲಿ ಉಳಿಸಿದ ಹತ್ತು ನಿಮಿಷಕ್ಕೆ ಕಂಪ್ಯೂಟರಿನ ಮುಂದೆ ಹತ್ತು ದಿನ ತೆತ್ತಿದ್ದೇನೆ.

ನಾಲ್ಕು ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡುಗಳನ್ನು ಹೊಕ್ಕುಳಿನ ಸುತ್ತ ಚೌಕವಾಗಿ ಇಡುತ್ತೇನೆ: ಎರಡು ಮೇಲೆ, ಎರಡು ಕೆಳಗೆ, ನಡುವೆ 7 ಸೆಂಟಿಮೀಟರ್ ಅಂತರ. ಹೊಕ್ಕುಳಿನ ಬಳಿ ಗರ್ಭಕೋಶಕ್ಕೂ ಚರ್ಮಕ್ಕೂ ಅಂತರ ಕಡಿಮೆ. ಐದನೆಯದನ್ನು, ಅಂದರೆ ಹೋಲಿಕೆಯದನ್ನು, ಗರ್ಭಕೋಶದಿಂದ ದೂರ, ಸೊಂಟದ ಮೂಳೆಯ ಮೇಲೆ ಅಂಟಿಸಿ. ಅಕ್ಕಪಕ್ಕದ ಎರಡೆರಡರ ವ್ಯತ್ಯಾಸ ತೆಗೆದರೆ ಎರಡಕ್ಕೂ ಸಮಾನವಾಗಿ ಬರುವ ಗದ್ದಲ ತಾನಾಗಿ ಕಳೆಯುತ್ತದೆ. ತಂತಿಗಳನ್ನು ಜಡೆಯಂತೆ ಹೆಣೆದು ಟೇಪಿನಿಂದ ಮೈಗೆ ಕಟ್ಟಿ. ತೂಗಾಡುವ ತಂತಿ ಸಂಕೋಚನವನ್ನು ಅಚ್ಚುಕಟ್ಟಾಗಿ ನಟಿಸುತ್ತದೆ.

ಯಂತ್ರ ಓಡುತ್ತಿರುವಾಗ ಕೋಣೆ ಬಿಟ್ಟು ಹೋಗಬೇಡಿ. ನನ್ನ ಬಳಿ ಒಂದು ನೋಟುಪುಸ್ತಕ ಇರುತ್ತದೆ: "4.10 ಕೆಮ್ಮು. 9.35 ಮಗು ಒದ್ದಿತು. 17.00 ನಗು." ಆ ನಗು ನನ್ನದೇ ತಪ್ಪು. ಹೊಟ್ಟೆಯ ಮೇಲಿನ ತಂತಿಗಳನ್ನು ನೋಡಿ ಮಲಗಿದ್ದ ತಾಯಿ, "ಒಳಗಿರುವವನಿಗೆ ಮೊಬೈಲ್ ಚಾರ್ಜ್ ಮಾಡುತ್ತಿದ್ದೀರಾ?" ಎಂದು ಕೇಳಿದರು, ನಾನು ನಕ್ಕೆ, ಅವರೂ ನಕ್ಕರು, ನಾಲ್ಕೂ ಗೆರೆಗಳು ಒಟ್ಟಿಗೆ ಪರದೆಯ ಅಂಚಿಗೆ ಹಾರಿದವು. ನಿಜವಾದ ಸಂಕೋಚನ ಹೀಗೆ ಹಾರುವುದಿಲ್ಲ. ಅದು ನಿಧಾನವಾಗಿ ದಟ್ಟವಾಗಿ, ಒಂದು ನಿಮಿಷದ ಆಸುಪಾಸು ನಿಂತು, ತೆಳುವಾಗಿ ಕರಗುತ್ತದೆ. ಟೋಕೋ ಪಟ್ಟಿಯನ್ನೂ ಜೊತೆಗೆ ಕಟ್ಟಿದರೆ ಅದೇ ಹೊತ್ತಿಗೆ ಅಲ್ಲಿಯೂ ಗುಡ್ಡ ಏಳುವುದು ಕಾಣುತ್ತದೆ.

ಸೋಸುವ ಕೆಲಸ ಹೆಚ್ಚು ಹೊತ್ತಿನದಲ್ಲ. ಗರ್ಭಕೋಶದ ಸಂಕೇತದ ಬಹುಪಾಲು 0.1ರಿಂದ 3 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಅಲೆ ಎಂಬ ಲೆಕ್ಕ) ನಡುವೆ, ಅದರಲ್ಲೂ 1 ಹರ್ಟ್ಸ್‌ಗಿಂತ ಕೆಳಗೆ ಇರುತ್ತದೆ. ಆದ್ದರಿಂದ ಸೆಕೆಂಡಿಗೆ 20 ಮಾದರಿ ಇದ್ದರೂ ನಡೆಯುತ್ತದೆ. ಉಸಿರು 0.25 ಹರ್ಟ್ಸ್ ಅಕ್ಕಪಕ್ಕ ಕೂತಿರುವುದರಿಂದ 0.3ರಿಂದ 3 ಹರ್ಟ್ಸ್ ಪಟ್ಟಿಯನ್ನು ಉಳಿಸಿಕೊಳ್ಳುವುದು ನನ್ನ ರೂಢಿ. ತಾಯಿಯ ಎದೆಬಡಿತ 1 ಹರ್ಟ್ಸ್‌ನಿಂದ ಮೇಲೆ ಇಣುಕುತ್ತದೆ, ಅದರ ಮೇಲೂ ಕಣ್ಣಿರಲಿ. ಫಿಲ್ಟರನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಓಡಿಸಿ, ಇಲ್ಲದಿದ್ದರೆ ಅಲೆ ಸಮಯದಲ್ಲಿ ಸರಿದುಹೋಗುತ್ತದೆ. ಮೊದಲಿನ ಮತ್ತು ಕೊನೆಯ ಮೂರು ಮೂರು ನಿಮಿಷಗಳನ್ನು ಕತ್ತರಿಸಿ ಎಸೆಯಿರಿ.

ಈಗ ಅಳೆಯುವುದೇನು? ಸಂಕೇತದ ಬಲ, ಶಕ್ತಿ ತುದಿ ಮುಟ್ಟುವ ಆವರ್ತನ, ಶಕ್ತಿಯನ್ನು ಸರಿಯಾಗಿ ಎರಡು ಪಾಲು ಮಾಡುವ ಮಧ್ಯ ಆವರ್ತನ, ಸ್ಯಾಂಪಲ್ ಎಂಟ್ರೊಪಿ. ಕೊನೆಯದು ಅಲೆಯ ಅನಿಶ್ಚಿತತೆಯ ಅಳತೆ. ತಾಳ ಕೂಡಿಕೊಂಡಷ್ಟೂ ಅದು ಇಳಿಯುತ್ತದೆ. ಒಂದು ಎಲೆಕ್ಟ್ರೋಡಿನಿಂದ ಇನ್ನೊಂದಕ್ಕೆ ಸಂಕೇತ ಹರಿಯುವ ವೇಗವೂ ಒಳ್ಳೆಯ ಸುಳಿವು, ಆದರೆ ನಾಲ್ಕೇ ಎಲೆಕ್ಟ್ರೋಡುಗಳಿಂದ ಅದನ್ನು ನಂಬುವಂತೆ ಅಳೆಯಲು ನನಗೆ ಸಾಧ್ಯವಾಗಿಲ್ಲ. ಅಲೆ ಓರೆಯಾಗಿ ದಾಟಿದರೆ ವೇಗ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ನಿಮ್ಮ ಬಳಿ ರೋಗಿಗಳಿಲ್ಲದಿದ್ದರೆ ಸ್ಲೊವೇನಿಯಾದ ಲುಬ್ಲಿಯಾನಾ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ 1997ರಿಂದ 2005ರವರೆಗೆ ಕೂಡಿಸಿದ 300 ದಾಖಲೆಗಳು ಫಿಸಿಯೋನೆಟ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪ್ರತಿಯೊಂದೂ ಸುಮಾರು ಅರ್ಧ ಗಂಟೆಯದು. ಕಲಿಯಲು ಇದಕ್ಕಿಂತ ಒಳ್ಳೆಯದು ಬೇಡ, ಮೋಸ ಹೋಗಲೂ ಇದಕ್ಕಿಂತ ಒಳ್ಳೆಯದು ಬೇಡ. ಈ 300ರಲ್ಲಿ ದಿನ ತುಂಬಿ ಹೆತ್ತವರು 262, ಅವಧಿಗೆ ಮುಂಚೆ ಹೆತ್ತವರು 38. ಕಣ್ಣು ಮುಚ್ಚಿ ಎಲ್ಲರಿಗೂ "ದಿನ ತುಂಬುತ್ತದೆ" ಎಂದರೂ ನೂರಕ್ಕೆ 87 ಸರಿ! ಆದ್ದರಿಂದ ಒಟ್ಟು ನಿಖರತೆಯನ್ನು ಬದಿಗಿಟ್ಟು, ಆ 38 ಜನರಲ್ಲಿ ಎಷ್ಟು ಮಂದಿಯನ್ನು ಹಿಡಿದಿರಿ, ಎಷ್ಟು ಜನರನ್ನು ಸುಮ್ಮನೆ ಹೆದರಿಸಿದಿರಿ ಎಂದು ಲೆಕ್ಕ ಹಾಕಿ.

ಇನ್ನೊಂದು ಗುಂಡಿಗೆ ನಾನೇ ಬಿದ್ದೆ. 38 ಕಡಿಮೆಯಾಯಿತೆಂದು, ಇದ್ದವುಗಳ ನಡುವಿನ ಮೌಲ್ಯಗಳಿಂದ ಕೃತಕ ದಾಖಲೆಗಳನ್ನು ಹುಟ್ಟಿಸಿ ಎರಡೂ ಗುಂಪುಗಳನ್ನು ಸಮ ಮಾಡಿದೆ. ಆಮೇಲೆ ಕಲಿಕೆಗೊಂದು ಪಾಲು, ಪರೀಕ್ಷೆಗೊಂದು ಪಾಲು ಎಂದು ಒಡೆದೆ. ಫಲಿತಾಂಶ ನೂರರ ಹತ್ತಿರ. ಎರಡು ರಾತ್ರಿ ನಿದ್ದೆಯಿಲ್ಲ, ಸಂತೋಷಕ್ಕೆ. ಮೂರನೆಯ ದಿನ ಹೊಳೆಯಿತು: ಪರೀಕ್ಷೆಯ ಪಾಲಿನಲ್ಲಿದ್ದ ದಾಖಲೆಯಿಂದಲೇ ಹುಟ್ಟಿದ ಮರಿ ಕಲಿಕೆಯ ಪಾಲಿನಲ್ಲಿ ಕೂತಿತ್ತು. ಮೊದಲು ಒಡೆದು, ಆಮೇಲೆ ಕಲಿಕೆಯ ಪಾಲಿನಲ್ಲಷ್ಟೇ ಕೃತಕವನ್ನು ಸೇರಿಸಿದಾಗ ಅಂಕೆ ದಬಕ್ಕನೆ ಬಿತ್ತು. ಅಚ್ಚಾದ ಎಷ್ಟೋ ಪ್ರಬಂಧಗಳಲ್ಲಿ ಇದೇ ದೋಷ ಇದ್ದದ್ದು ಆಮೇಲೆ ಬಯಲಾಯಿತು. ಒಬ್ಬರಿಂದಲೇ ಹಲವು ದಾಖಲೆ ತೆಗೆದಿದ್ದರೆ ಅವೆಲ್ಲ ಒಂದೇ ಪಾಲಿನಲ್ಲಿ ಇರಲಿ. ಎಷ್ಟನೇ ವಾರದಲ್ಲಿ ತೆಗೆದದ್ದು ಎಂಬುದನ್ನೂ ಬರೆದಿಡಿ. 23ನೇ ವಾರದ ಗರ್ಭಕೋಶವನ್ನು 31ನೇ ವಾರದ್ದಕ್ಕೆ ಹೋಲಿಸಿದರೆ ನೀವು ಊಹಿಸುತ್ತಿರುವುದು ಹೆರಿಗೆಯನ್ನಲ್ಲ, ತಿಂಗಳನ್ನು.

ಬಂದ ಅಂಕೆಯನ್ನು ಒಂಟಿಯಾಗಿ ಓದಬೇಡಿ. ಯೋನಿ ಮಾರ್ಗದ ಸ್ಕ್ಯಾನಿನಲ್ಲಿ ಗರ್ಭಕಂಠದ ಉದ್ದ 25 ಮಿಲಿಮೀಟರಿಗಿಂತ ಕಡಿಮೆಯಿದೆಯೇ, ಹಿಂದೊಮ್ಮೆ ಬೇಗ ಹೆರಿಗೆಯಾಗಿತ್ತೇ, ಯೋನಿಯ ಸ್ರಾವದಲ್ಲಿ ಒಂದು ಪ್ರೋಟೀನನ್ನು ಹುಡುಕುವ ಫೈಬ್ರೊನೆಕ್ಟಿನ್ ಪರೀಕ್ಷೆ ಏನು ಹೇಳಿತು, ಇವುಗಳ ಪಕ್ಕದಲ್ಲಿ ಅದು ಕೂರಬೇಕು. ಫೈಬ್ರೊನೆಕ್ಟಿನ್‌ನ ಬಲ ಇರುವುದು "ಇನ್ನೆರಡು ವಾರ ಆಗಲಿಕ್ಕಿಲ್ಲ" ಎನ್ನುವುದರಲ್ಲಿ. ನಮ್ಮ ಅಲೆಗಳಿಂದಲೂ ಮೊದಲು ಅಷ್ಟನ್ನೇ ನಿರೀಕ್ಷಿಸುವುದು ಲೇಸು ಎಂದು ನನ್ನ ಎಣಿಕೆ.

ಎಲೆಕ್ಟ್ರೋಡ್ ಕೀಳುವಾಗ ಚರ್ಮವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಳ್ಳಿ, ಜೆಲ್ಲನ್ನು ಬೆಚ್ಚಗಿನ ನೀರಿನಲ್ಲಿ ಒರೆಸಿ. ಅಷ್ಟರಲ್ಲಿ ಪ್ರಶ್ನೆ ಬಂದೇ ಬರುತ್ತದೆ: "ಯಂತ್ರ ಏನು ಹೇಳಿತು?" ನಾನು ಹೇಳುವುದು ಇಷ್ಟು: "ಇದನ್ನು ನಿಮ್ಮ ವೈದ್ಯರು ಉಳಿದ ಪರೀಕ್ಷೆಗಳ ಜೊತೆ ನೋಡುತ್ತಾರೆ. ನೀರು ಹೋದರೆ, ರಕ್ತ ಕಂಡರೆ, ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾದರೆ, ಮಗುವಿನ ಆಟ ಕಡಿಮೆಯಾದರೆ ಈ ಕಾಗದಕ್ಕೆ ಕಾಯಬೇಡಿ, ಕೂಡಲೇ ಬನ್ನಿ. ಎಷ್ಟು ರಾತ್ರಿಯಾದರೂ ಸರಿ."